ಇಂಟೇಕ್24: ಮರೆತ ತುತ್ತನ್ನೂ ಕೇಳಿ ಬರೆಸಿಕೊಳ್ಳುವ ಸಾಧನ

ಪೋಷಣೆಯ ಸಂಶೋಧನೆಯಲ್ಲಿ ರಕ್ತದ ಸಕ್ಕರೆಯನ್ನೂ ಕೊಬ್ಬಿನಂಶವನ್ನೂ ಪ್ರಯೋಗಾಲಯ ಅಳೆದುಕೊಡುತ್ತದೆ, ತೂಕವನ್ನೂ ಎತ್ತರವನ್ನೂ ಉಪಕರಣಗಳು ಹೇಳುತ್ತವೆ. ಆದರೆ ಇಡೀ ಅಧ್ಯಯನ ಯಾವುದನ್ನು ಆಧರಿಸಿದೆಯೋ ಆ ಮಾಹಿತಿ, ಅಂದರೆ ವ್ಯಕ್ತಿ ಏನನ್ನು ತಿಂದರು, ಎಷ್ಟು ತಿಂದರು ಎಂಬುದು, ಇಂದಿಗೂ ಬಹುಮಟ್ಟಿಗೆ ಅವರ ನೆನಪಿನಿಂದಲೇ ಬರಬೇಕಾಗಿದೆ. ಹೀಗಾಗಿ ಆಹಾರವನ್ನು ದಾಖಲಿಸುವ ಡಿಜಿಟಲ್ ಸಾಧನವೊಂದನ್ನು ವಿಮರ್ಶಿಸುವಾಗ ಅದರ ಪರದೆಯ ಅಂದಚಂದಕ್ಕಿಂತ ಮೊದಲು, ಮನುಷ್ಯನ ಮರೆವನ್ನು ಅದು ಹೇಗೆ ಎದುರಿಸುತ್ತದೆ ಎಂಬುದನ್ನು ನೋಡಬೇಕು ಎನ್ನುವುದು ನನ್ನ ನಿಲುವು. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು, ಈಗ ಕೇಂಬ್ರಿಡ್ಜ್ ಮತ್ತು ಮೊನಾಶ್ ವಿಶ್ವವಿದ್ಯಾಲಯಗಳ ತಂಡಗಳೂ ಸೇರಿ ಬೆಳೆಸುತ್ತಿರುವ ಇಂಟೇಕ್24 ಎಂಬ ಅಂತರ್ಜಾಲ ಸಾಧನವನ್ನು ನಾನು ಇದೇ ದೃಷ್ಟಿಯಿಂದ ಪರಿಶೀಲಿಸಿದ್ದೇನೆ.

ಹಿಂದಿನ ದಿನದ 24 ಗಂಟೆಗಳಲ್ಲಿ ತಿಂದದ್ದು, ಕುಡಿದದ್ದನ್ನೆಲ್ಲ ನೆನಪಿಸಿಕೊಂಡು ಹೇಳಿಸುವ ಕ್ರಮ ಈ ಕ್ಷೇತ್ರದಲ್ಲಿ ಹಳೆಯದು. ತರಬೇತಿ ಪಡೆದ ಸಂದರ್ಶಕರು ಎದುರು ಕುಳಿತೋ ದೂರವಾಣಿಯಲ್ಲೋ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ಆಮೇಲೆ ಬೇರೊಬ್ಬರು ಪ್ರತಿಯೊಂದು ಪದಾರ್ಥಕ್ಕೂ ಸಂಯೋಜನಾ ಕೋಷ್ಟಕದಲ್ಲಿರುವ (ಯಾವ ಆಹಾರದಲ್ಲಿ ಯಾವ ಪೋಷಕಾಂಶ ಎಷ್ಟಿದೆ ಎಂಬ ಪಟ್ಟಿಯಲ್ಲಿರುವ) ಸಂಕೇತವನ್ನು ಹುಡುಕಿ, 'ಒಂದು ಬಟ್ಟಲು', 'ಅರ್ಧ ಲೋಟ' ಎಂಬ ಮಾತುಗಳನ್ನು ಗ್ರಾಂಗಳಿಗೆ ಇಳಿಸುತ್ತಾರೆ. ಹಣವೂ ಸಮಯವೂ ಹೆಚ್ಚು ಖರ್ಚಾಗುವುದು ಈ ಎರಡನೆಯ ಹಂತದಲ್ಲಿ, ಮತ್ತು ಒಬ್ಬ ಸಂಕೇತಕಾರರಿಂದ ಇನ್ನೊಬ್ಬರಿಗೆ ವ್ಯತ್ಯಾಸ ನುಸುಳುವುದೂ ಇಲ್ಲಿಯೇ. ಇಂಟೇಕ್24 ಈ ಎರಡೂ ಹಂತಗಳನ್ನು ಒಂದುಗೂಡಿಸುತ್ತದೆ. ಉತ್ತರಿಸುವವರೇ ಪಟ್ಟಿಯಿಂದ ಆಹಾರವನ್ನು ಆರಿಸುತ್ತಾರೆ, ಅವರೇ ಪ್ರಮಾಣವನ್ನು ಸೂಚಿಸುತ್ತಾರೆ, ದಾಖಲೆ ಸಲ್ಲಿಕೆಯಾಗುವ ಹೊತ್ತಿಗೆ ಪೋಷಕಾಂಶಗಳ ಲೆಕ್ಕವೂ ಸಿದ್ಧವಾಗಿರುತ್ತದೆ. ಸಂಕೇತಕಾರರ ಕೆಲಸವನ್ನು ಉತ್ತರಿಸುವ ಸಾಮಾನ್ಯ ಜನರಿಗೆ ವಹಿಸುವುದು ಸಣ್ಣ ನಿರ್ಧಾರವಲ್ಲ. ಈ ಸಾಧನದ ಗುಣಗಳೂ ದೋಷಗಳೂ ಬಹುಪಾಲು ಅಲ್ಲಿಂದಲೇ ಹುಟ್ಟಿವೆ.

ಬಳಕೆ ಆರಂಭವಾಗುವುದು ದಿನದ ಹೊತ್ತುಗಳಿಂದ. ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ, ರಾತ್ರಿಯೂಟ, ನಡುವಿನ ತಿಂಡಿ ಎಂದು ಸಾಧನ ಒಂದು ಚೌಕಟ್ಟನ್ನು ಮುಂದಿಡುತ್ತದೆ. ಬೇಕಾದರೆ ಹೊತ್ತುಗಳನ್ನು ಸೇರಿಸಬಹುದು, ಬೇಡವಾದುದನ್ನು ಅಳಿಸಬಹುದು. ಒಂದೊಂದು ಹೊತ್ತಿಗೂ ಗಂಟೆಯನ್ನು ನಮೂದಿಸಿದ ಮೇಲೆ, ಅಂದು ತಿಂದದ್ದನ್ನು ನಮ್ಮದೇ ಮಾತಿನಲ್ಲಿ, ಯಾವ ವಿವರವೂ ಇಲ್ಲದೆ, ಸಾಲುಸಾಲಾಗಿ ಬರೆದುಬಿಡಬೇಕು. ಈ ಹಂತದಲ್ಲಿ ಸಾಧನ ಏನನ್ನೂ ಪ್ರಶ್ನಿಸುವುದಿಲ್ಲ, ಇದು ಬಹಳ ವಿವೇಕದ ಏರ್ಪಾಡು. ಮೊದಲ ಪದಾರ್ಥ ಬರೆದ ಕೂಡಲೇ 'ಯಾವ ಬಗೆಯದು, ಎಷ್ಟು, ಯಾವುದರಲ್ಲಿ ಬೇಯಿಸಿದ್ದು' ಎಂದು ಕೇಳತೊಡಗಿದರೆ ನೆನಪಿನ ಎಳೆ ತುಂಡಾಗುತ್ತದೆ, ಮೂರನೆಯ ಪದಾರ್ಥ ಮನಸ್ಸಿನಿಂದ ಜಾರಿಹೋಗುತ್ತದೆ. ಅಮೆರಿಕದ ಕೃಷಿ ಇಲಾಖೆ ರೂಪಿಸಿದ ಬಹುಸುತ್ತಿನ ವಿಧಾನವೂ ಇದೇ ತಿಳಿವಳಿಕೆಯಿಂದ ಬಂದದ್ದು. ಅಲ್ಲಿ ಐದು ಸುತ್ತುಗಳಿವೆ: ಮೊದಲು ಅವಸರದ ಪಟ್ಟಿ, ಬಳಿಕ ಸಾಮಾನ್ಯವಾಗಿ ಮರೆತುಹೋಗುವ ಪದಾರ್ಥಗಳ ವಿಚಾರಣೆ, ಆಮೇಲೆ ಸಮಯ ಮತ್ತು ಸಂದರ್ಭ, ನಂತರ ವಿವರ, ಕೊನೆಗೆ ಒಂದು ಅಂತಿಮ ತಪಾಸಣೆ. ಇಂಟೇಕ್24 ಆ ಕ್ರಮವನ್ನು ಅಕ್ಷರಶಃ ಅನುಸರಿಸದಿದ್ದರೂ ಅದರ ತಿರುಳನ್ನು ಉಳಿಸಿಕೊಂಡಿದೆ.

ಮರೆವನ್ನು ಎದುರಿಸುವ ಅದರ ಉಪಾಯಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಜೊತೆಯಾಹಾರದ ಪ್ರಶ್ನೆ. ಬ್ರೆಡ್ಡನ್ನು ನಮೂದಿಸಿದರೆ ಅದರ ಮೇಲೆ ಬೆಣ್ಣೆ ಸವರಿದ್ದಿರಾ ಎಂದು ಕೇಳುತ್ತದೆ. ಬಿಸಿ ಪಾನೀಯವೆಂದರೆ ಹಾಲು, ಸಕ್ಕರೆಗಳನ್ನು ನೆನಪಿಸುತ್ತದೆ. ಊಟದ ಹೊತ್ತಿನಲ್ಲಿ ಪಾನೀಯವೇ ಇಲ್ಲದಿದ್ದರೆ ಏನನ್ನೂ ಕುಡಿಯಲಿಲ್ಲವೇ ಎನ್ನುತ್ತದೆ. ಎರಡು ಹೊತ್ತುಗಳ ನಡುವೆ ದೀರ್ಘ ಅಂತರವಿದ್ದರೆ ಆ ನಡುವೆ ಏನಾದರೂ ಬಾಯಿಗೆ ಹೋಗಿತ್ತೇ ಎಂದು ವಿಚಾರಿಸುತ್ತದೆ. ಮುಖ್ಯ ಪದಾರ್ಥವನ್ನು ಯಾರೂ ಸುಲಭವಾಗಿ ಮರೆಯುವುದಿಲ್ಲ. ದಾಖಲೆಯಿಂದ ತಪ್ಪಿಸಿಕೊಳ್ಳುವುದು ಸವರಿದ್ದು, ಸುರಿದದ್ದು, ಕಲಸಿದ್ದು, ಕೆಲಸದ ನಡುವೆ ಕೈಗೆ ಸಿಕ್ಕಿದ್ದು. ಕೊಬ್ಬು ಮತ್ತು ಸಕ್ಕರೆ ಅಡಗಿರುವುದೂ ಅಂಥವುಗಳಲ್ಲಿಯೇ. ಯಾವ ಆಹಾರಕ್ಕೆ ಯಾವ ಪ್ರಶ್ನೆ ಕೇಳಬೇಕೆಂಬುದನ್ನು ಪೋಷಣಾ ತಜ್ಞರು ಕೈಯಾರೆ ಹೊಂದಿಸುತ್ತಾ ಬಂದಿದ್ದಾರೆ. ಸಂಗ್ರಹವಾದ ದಾಖಲೆಗಳಲ್ಲಿ ಯಾವ ಆಹಾರಗಳು ಒಟ್ಟಿಗೆ ಬರುತ್ತವೆ ಎಂಬುದನ್ನು ಗಣಿಸಿ ಪ್ರಶ್ನೆಗಳನ್ನು ಸೂಚಿಸುವ ಪ್ರಯತ್ನವನ್ನೂ ಅದೇ ತಂಡದವರು ಮಾಡಿ ವರದಿ ಮಾಡಿದ್ದಾರೆ. ಸ್ವಯಂಚಾಲಿತ ಸೂಚನೆಗೆ ಒಂದು ಅಪಾಯವಿದೆ. ತಿನ್ನದೆ ಇದ್ದದ್ದನ್ನೂ 'ಹೌದು, ತಿಂದಿರಬೇಕು' ಎಂದು ಒಪ್ಪಿಕೊಳ್ಳುವ ಒತ್ತಾಯ ಉತ್ತರಿಸುವವರ ಮನಸ್ಸಿನಲ್ಲಿ ಹುಟ್ಟಬಹುದು. ಆದ್ದರಿಂದ ಪ್ರಶ್ನೆಗಳ ಸಂಖ್ಯೆಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಅಧಿಕಾರ ಸಂಶೋಧಕರ ಕೈಯಲ್ಲೇ ಉಳಿಯಬೇಕು.

ಹುಡುಕಾಟದ ಭಾಗದ ಬಗ್ಗೆ ನನ್ನ ಮೆಚ್ಚುಗೆ ಇಷ್ಟು ಪೂರ್ಣವಾಗಿಲ್ಲ. ಬರೆದ ಪದದಲ್ಲಿ ಕಾಗುಣಿತ ತಪ್ಪಿದ್ದರೂ ಸಾಧನ ಹೊಂದುವ ಆಹಾರಗಳನ್ನು ತೋರಿಸುತ್ತದೆ, ಇದು ದೊಡ್ಡ ಅನುಕೂಲ. ಆದರೆ ತೋರಿಸುವ ಪಟ್ಟಿ ಉದ್ದವಾದಾಗ ದಣಿದ ಕಣ್ಣು ಮೊದಲ ಕೆಲವು ಸಾಲುಗಳಲ್ಲೇ ನಿಂತುಬಿಡುತ್ತದೆ. ಕೆನೆ ತೆಗೆದ ಹಾಲು, ಅರೆಕೆನೆಯ ಹಾಲು, ಪೂರ್ಣ ಕೆನೆಯ ಹಾಲು ಎಂಬ ಮೂರು ಸಾಲುಗಳಲ್ಲಿ ಯಾವುದು ಮೇಲಿದೆಯೋ ಅದು ಹೆಚ್ಚು ಆಯ್ಕೆಯಾಗುವ ಸಂಭವವಿರುತ್ತದೆ, ಮತ್ತು ಆ ಒಂದು ಆಯ್ಕೆಯಿಂದ ಕೊಬ್ಬಿನ ಲೆಕ್ಕ ಬೇರೆಯಾಗುತ್ತದೆ. ಪಟ್ಟಿಯನ್ನು ಹಿಗ್ಗಿಸುವುದರಿಂದ ಇದು ಪರಿಹಾರವಾಗುವುದಿಲ್ಲ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಮೈಫುಡ್24 ಎಂಬ ಸಾಧನದಲ್ಲಿ ಕಂಪನಿಗಳ ಹೆಸರಿನ ಉತ್ಪನ್ನಗಳೂ ಸೇರಿ ಹತ್ತಾರು ಸಾವಿರ ಆಹಾರಗಳಿವೆ; ತಾನು ಕೊಂಡ ಪೊಟ್ಟಣವೇ ಪಟ್ಟಿಯಲ್ಲಿ ಸಿಕ್ಕಿದರೆ ನಿಖರತೆ ಹೆಚ್ಚುತ್ತದೆಂಬುದು ನಿಜವಾದರೂ, ಹುಡುಕುವ ಶ್ರಮವೂ ಜೊತೆಗೇ ಹೆಚ್ಚುತ್ತದೆ. ಇನ್ನೊಂದು ತುದಿಯಲ್ಲಿ ಆಕ್ಸ್‌ಫರ್ಡ್ ವೆಬ್‌ಕ್ಯೂ ಇದೆ. ಸುಮಾರು 200 ಆಹಾರಗಳ ಸಿದ್ಧಪಟ್ಟಿಯಲ್ಲಿ ಎಷ್ಟು ಬಾರಿ, ಎಷ್ಟು ಬಡಿಸಿಕೆ ಎಂದಷ್ಟೇ ಕೇಳುವ ಆ ಪ್ರಶ್ನಾವಳಿಯನ್ನು ಯುಕೆ ಬಯೋಬ್ಯಾಂಕ್ ಎಂಬ ಬ್ರಿಟನ್ನಿನ ಬೃಹತ್ ಆರೋಗ್ಯ ಅಧ್ಯಯನದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಒಮ್ಮೆಯಾದರೂ ತುಂಬಿದರು. ಅಷ್ಟು ದೊಡ್ಡ ಸಮೂಹಕ್ಕೆ ಆ ಸರಳತೆಯೇ ಸರಿಯಾಗಿತ್ತು. ಇಂಟೇಕ್24 ಇವೆರಡರ ನಡುವಿನ ದಾರಿಯಲ್ಲಿದೆ. ಹುಡುಕಾಟದ ಫಲಿತಾಂಶಗಳ ಕ್ರಮವನ್ನು ಇನ್ನಷ್ಟು ಎಚ್ಚರಿಕೆಯಿಂದ ರೂಪಿಸಿದರೆ ಅದರ ಸ್ಥಾನ ಗಟ್ಟಿಯಾಗುತ್ತದೆ.

ಪ್ರಮಾಣವನ್ನು ಅಂದಾಜಿಸುವ ವ್ಯವಸ್ಥೆ ಈ ಸಾಧನದ ಹೃದಯಭಾಗ. ತಾನು ತಿಂದದ್ದು ಎಷ್ಟು ಗ್ರಾಂ ಎಂದು ಯಾರನ್ನು ಕೇಳಿದರೂ ಉತ್ತರ ಊಹೆಯೇ ಆಗಿರುತ್ತದೆ, ತಜ್ಞರನ್ನು ಕೇಳಿದರೂ ಅಷ್ಟೇ. ಆದ್ದರಿಂದ ಇಂಟೇಕ್24 ತೂಕವನ್ನು ಕೇಳದೆ ಚಿತ್ರ ತೋರಿಸುತ್ತದೆ. ಮೊದಲೇ ತೂಗಿ, ಒಂದೇ ಕೋನದಿಂದ ತೆಗೆದ ತಟ್ಟೆಗಳ ಛಾಯಾಚಿತ್ರಗಳು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರುತ್ತವೆ. ತನ್ನ ತಟ್ಟೆಯನ್ನು ಹೋಲುವ ಚಿತ್ರವನ್ನು ಆರಿಸಿದರೆ ಅದರ ಹಿಂದಿರುವ ತೂಕ ದಾಖಲಾಗುತ್ತದೆ. ಪಾನೀಯಕ್ಕೆ ಮೊದಲು ಲೋಟದ ಆಕಾರವನ್ನು ಆರಿಸಿ, ಆಮೇಲೆ ಎಷ್ಟು ಎತ್ತರದವರೆಗೆ ತುಂಬಿತ್ತೆಂದು ಗೆರೆಯನ್ನು ಏರಿಸಿ ಇಳಿಸಿ ತೋರಿಸಬೇಕು. ಹಣ್ಣಿನಂಥ ಬಿಡಿ ಪದಾರ್ಥಗಳಿಗೆ ಬೇರೆ ಬೇರೆ ಗಾತ್ರಗಳನ್ನು ಒಂದೇ ಚಿತ್ರದಲ್ಲಿಟ್ಟು ಆರಿಸಲು ಹೇಳುತ್ತದೆ. ಇಷ್ಟಾದ ಮೇಲೆ, ಎಲ್ಲವನ್ನೂ ತಿಂದಿರಾ, ಉಳಿಸಿದಿರಾ ಎಂಬ ಪ್ರಶ್ನೆ; ಉಳಿಸಿದ್ದರೆ ಅದಕ್ಕೂ ಚಿತ್ರಗಳ ಸಾಲು. ಬಡಿಸಿಕೊಂಡದ್ದನ್ನೂ ತಿಂದದ್ದನ್ನೂ ಪ್ರತ್ಯೇಕವಾಗಿ ದಾಖಲಿಸುವ ಈ ಶಿಸ್ತು, ಮಕ್ಕಳ ಆಹಾರವನ್ನು ಅಳೆಯುವಾಗ ಎಷ್ಟು ಮುಖ್ಯವೆಂಬುದನ್ನು ಈ ಕ್ಷೇತ್ರದಲ್ಲಿರುವವರು ಬಲ್ಲರು.

ಆದರೂ ಚಿತ್ರಕ್ಕೆ ಅದರದೇ ಮಿತಿಗಳಿವೆ. ಅಲ್ಪ ಪ್ರಮಾಣವನ್ನು ಜನ ಹೆಚ್ಚಿಸಿ ಹೇಳುತ್ತಾರೆ, ಅಧಿಕ ಪ್ರಮಾಣವನ್ನು ತಗ್ಗಿಸಿ ಹೇಳುತ್ತಾರೆ. ಎರಡೂ ತುದಿಗಳು ನಡುವಿನತ್ತ ವಾಲುವ ಈ ಪ್ರವೃತ್ತಿ ಚಿತ್ರದಿಂದ ಕಡಿಮೆಯಾಗಬಹುದೇ ಹೊರತು ಮಾಯವಾಗುವುದಿಲ್ಲ. ಕೈಯಗಲದ ಮೊಬೈಲ್ ಪರದೆಯಲ್ಲಿ ತಟ್ಟೆಯ ನಿಜವಾದ ಅಗಲ ಅಂದಾಜಿಗೆ ಸಿಗುವುದು ಕಷ್ಟ. ಹಲವರು ಒಂದೇ ಪಾತ್ರೆಯಿಂದ ಹಂಚಿಕೊಂಡು ತಿನ್ನುವ ಊಟಕ್ಕೆ ಒಬ್ಬರ ತಟ್ಟೆಯ ಚಿತ್ರ ಹೆಚ್ಚು ನೆರವಾಗುವುದಿಲ್ಲ. ಮನೆಯಲ್ಲಿ ಬೆರೆಸಿ ಬೇಯಿಸಿದ ಅಡುಗೆಯ ತೂಕ ಸರಿಯಾಗಿ ಸಿಕ್ಕರೂ ಅದರೊಳಗಿನ ಎಣ್ಣೆ, ಉಪ್ಪುಗಳ ಪಾಲು ಪ್ರಮಾಣಿತ ಪಾಕವಿಧಾನದ ಊಹೆಯಾಗಿಯೇ ಉಳಿಯುತ್ತದೆ. ಉಪ್ಪಿನ ಸೇವನೆಯೇ ಅಧ್ಯಯನದ ವಿಷಯವಾಗಿದ್ದರೆ ಇಂಥ ಯಾವ ಸಾಧನವನ್ನೂ ನೆಚ್ಚದೆ 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ ಸೋಡಿಯಂ ಅಳೆಯುವುದೇ ಸರಿ.

ಪಟ್ಟಿಯಲ್ಲಿ ತನ್ನ ಆಹಾರ ಸಿಗದಿದ್ದವರಿಗೂ ಇಲ್ಲಿ ದಾರಿಯಿದೆ. ಏನು, ಅದರಲ್ಲಿ ಏನೇನಿತ್ತು, ಎಷ್ಟು ತಿಂದಿರಿ ಎಂದು ಸ್ವಂತ ಮಾತಿನಲ್ಲಿ ಬರೆದು ಮುಂದೆ ಹೋಗಬಹುದು. ಸಂಶೋಧಕರು ಅದನ್ನು ಆಮೇಲೆ ಓದಿ ಸೂಕ್ತ ಸಂಕೇತ ಕೊಡುತ್ತಾರೆ. ಈ ಅವಕಾಶವಿಲ್ಲದ ಸಾಧನಗಳಲ್ಲಿ ಜನ ಹತ್ತಿರದ ಯಾವುದೋ ಆಹಾರವನ್ನು ಆರಿಸಿ ಮುಗಿಸುತ್ತಾರೆ, ಹಾಗೆ ಆರಿಸಿದರೆಂಬುದರ ಸುಳಿವೂ ಉಳಿಯುವುದಿಲ್ಲ.

ನಿಖರತೆಯ ವಿಚಾರಕ್ಕೆ ಬಂದರೆ ಮಾತು ಹೆಚ್ಚು ಗಂಭೀರವಾಗುತ್ತದೆ. ಜನ ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ಡಬ್ಲಿ ಲೇಬಲ್ಡ್ ವಾಟರ್ ಎಂಬ ವಿಧಾನವಿದೆ. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರವಾದ, ಅಪಾಯವಿಲ್ಲದ ಐಸೊಟೋಪುಗಳಿರುವ ನೀರನ್ನು ಕುಡಿಸಿ, ಅವೆರಡೂ ಎಷ್ಟೆಷ್ಟು ವೇಗದಲ್ಲಿ ದೇಹದಿಂದ ಹೊರಹೋಗುತ್ತವೆ ಎಂಬುದನ್ನು ಒಂದೆರಡು ವಾರ ಮೂತ್ರದಲ್ಲಿ ಅಳೆದರೆ, ದೇಹ ವ್ಯಯಿಸಿದ ಶಕ್ತಿ ತಿಳಿಯುತ್ತದೆ. ತೂಕ ಸ್ಥಿರವಾಗಿರುವ ವ್ಯಕ್ತಿ ವ್ಯಯಿಸಿದಷ್ಟನ್ನು ತಿಂದಿರಲೇಬೇಕು. ಈ ಅಳತೆಗೋಲಿನ ಎದುರು ಇಂಟೇಕ್24 ದಾಖಲಿಸಿದ ಶಕ್ತಿ ಸರಾಸರಿ ಶೇ. 25ರಷ್ಟು ಕಡಿಮೆ ಬಂದಿತೆಂದು ಅದರ ನಿರ್ಮಾಪಕರ ತಂಡವೇ 2019ರಲ್ಲಿ ಪ್ರಕಟಿಸಿತು. ತಮ್ಮ ಸಾಧನದ ಬಗ್ಗೆ ಹೀಗೆ ಮುಚ್ಚುಮರೆಯಿಲ್ಲದೆ ಬರೆದದ್ದಕ್ಕೆ ಅವರನ್ನು ಗೌರವಿಸಬೇಕು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಎಎಸ್‌ಎ24 ಎಂಬ ಇದೇ ಬಗೆಯ ಸಾಧನದಲ್ಲಿ ಕೊರತೆ ಶೇ. 15ರಿಂದ 17ರಷ್ಟಿತ್ತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಅದೇ ಅಧ್ಯಯನದಲ್ಲಿ ನಾಲ್ಕು ದಿನಗಳ ಆಹಾರ ದಿನಚರಿಯ ಕೊರತೆ ಶೇ. 18ರಿಂದ 21, ವರ್ಷದಲ್ಲಿ ಯಾವ ಆಹಾರವನ್ನು ಎಷ್ಟು ಬಾರಿ ತಿನ್ನುತ್ತೀರಿ ಎಂದು ಕೇಳುವ ಆಹಾರ ಆವರ್ತನ ಪ್ರಶ್ನಾವಳಿಯ ಕೊರತೆ ಶೇ. 29ರಿಂದ 34. ಭಾಗವಹಿಸಿದವರ ವಯಸ್ಸೂ ದೇಶವೂ ಬೇರೆಯಾಗಿರುವಾಗ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಒಂದು ಸಾಧನ ಇನ್ನೊಂದಕ್ಕಿಂತ ಕೀಳೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅವುಗಳಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಹಿಂದಿನ ದಿನವನ್ನು ನೆನಪಿಸುವ ಕ್ರಮ ವರ್ಷದ ಅಭ್ಯಾಸವನ್ನು ಕೇಳುವ ಪ್ರಶ್ನಾವಳಿಗಿಂತ ಮೇಲು, ಆದರೆ ಕಾಗದದಿಂದ ಪರದೆಗೆ ಬಂದ ಮಾತ್ರಕ್ಕೆ ಮನುಷ್ಯ ಕಡಿಮೆ ಹೇಳುವುದನ್ನು ಬಿಟ್ಟಿಲ್ಲ.

ಈ ಕೊರತೆ ಎಲ್ಲರಲ್ಲೂ ಸಮನಾಗಿದ್ದಿದ್ದರೆ ಲೆಕ್ಕದಲ್ಲಿ ಸರಿಪಡಿಸಬಹುದಿತ್ತು. ಅಮೆರಿಕದ ಬಹುಸುತ್ತಿನ ವಿಧಾನವನ್ನು 524 ಜನರಲ್ಲಿ ಪರೀಕ್ಷಿಸಿದಾಗ ಒಟ್ಟಾರೆ ಶೇ. 11ರಷ್ಟು ಶಕ್ತಿ ಕಡಿಮೆ ವರದಿಯಾಗಿತ್ತು, ಆದರೆ ಸಾಮಾನ್ಯ ತೂಕದವರಲ್ಲಿ ಅದು ಶೇ. 3ಕ್ಕಿಂತ ಕಡಿಮೆಯಿತ್ತು. ಅಂದರೆ ಹೆಚ್ಚು ತೂಕವುಳ್ಳವರೇ ತಿಂದದ್ದನ್ನು ಇನ್ನಷ್ಟು ತಗ್ಗಿಸಿ ಹೇಳುತ್ತಾರೆ. ಬೊಜ್ಜು ಮತ್ತು ಆಹಾರದ ಸಂಬಂಧವನ್ನು ಹುಡುಕಹೊರಟ ಅಧ್ಯಯನಕ್ಕೆ ಇದಕ್ಕಿಂತ ದೊಡ್ಡ ತೊಡಕಿಲ್ಲ. ತಿಂದದ್ದನ್ನು ಹೇಳಿಕೊಳ್ಳಲು ಸಂಕೋಚಪಡುವಂತೆ ಸಮಾಜ ಮಾಡಿರುವಾಗ ತಂತ್ರಾಂಶವೊಂದೇ ಅದನ್ನು ನೀಗಿಸಲಾರದು. ಆದರೂ ಎದುರಿಗೆ ಮನುಷ್ಯನಿಲ್ಲದ, ಪ್ರಶಂಸೆಯನ್ನೋ ಆಕ್ಷೇಪವನ್ನೋ ಸೂಚಿಸದ ಪರದೆಯಾದರೂ ಸಂಕೋಚವನ್ನು ಹೆಚ್ಚಿಸಬಾರದು. ಇಂಟೇಕ್24ರ ಭಾಷೆ ಈ ವಿಷಯದಲ್ಲಿ ಸಮಚಿತ್ತದಿಂದಿದೆ. ಯಾವ ಆಹಾರಕ್ಕೂ ಕೆಂಪು, ಹಸಿರು ಬಣ್ಣ ಬಳಿಯುವುದಿಲ್ಲ. ಕೊನೆಯಲ್ಲಿ ಪೋಷಕಾಂಶಗಳ ಪ್ರತಿಕ್ರಿಯೆಯನ್ನು ತೋರಿಸುವ ಐಚ್ಛಿಕ ಸೌಲಭ್ಯವೊಂದಿದೆ. ಭಾಗವಹಿಸಿದವರಿಗೆ ಅದೊಂದು ಗೌರವದ ಮರುಪಾವತಿ ಎಂಬುದನ್ನು ಒಪ್ಪುತ್ತೇನೆ, ಆದರೆ ಅದನ್ನು ಎಲ್ಲ ದಿನಗಳ ದಾಖಲೆಗಳು ಮುಗಿದ ಮೇಲೆ ಮಾತ್ರ ತೋರಿಸಬೇಕು. ನಡುವೆಯೇ ತೋರಿಸಿದರೆ ಮುಂದಿನ ದಾಖಲೆಯ ಮೇಲೆ, ಕೆಲವೊಮ್ಮೆ ಮುಂದಿನ ಊಟದ ಮೇಲೆಯೇ, ಅದರ ನೆರಳು ಬೀಳುತ್ತದೆ.

ಸಂಶೋಧಕರ ಕಡೆಯಿಂದ ನೋಡಿದಾಗ ಇದರ ಅತ್ಯಮೂಲ್ಯ ಗುಣ ಮುಕ್ತತೆ. ಎಎಸ್‌ಎ24 ಸಂಶೋಧಕರಿಗೆ ಉಚಿತ, ಅದರ ಹಿಂದಿರುವ ಪರಿಶ್ರಮ ಅಗಾಧ. ಆದರೆ ಅದರ ಆಹಾರಪಟ್ಟಿ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಹೊಂದಿಸಿದ್ದು, ಬಳಸುವ ಸಂಶೋಧಕ ಅದನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದುವಂತಿಲ್ಲ. ಇಂಟೇಕ್24ರ ಮೂಲಸಂಕೇತ (ಸೋರ್ಸ್ ಕೋಡ್) ಮುಕ್ತವಾಗಿ ದೊರೆಯುತ್ತದೆ, ಹಾಗಾಗಿ ಬೇರೆ ಬೇರೆ ದೇಶಗಳ ತಂಡಗಳು ತಮ್ಮ ಆಹಾರಪಟ್ಟಿ, ತಮ್ಮ ಭಾಷೆ, ತಮ್ಮ ಸಂಯೋಜನಾ ಕೋಷ್ಟಕಗಳೊಡನೆ ಅದನ್ನು ಮರುರೂಪಿಸಿಕೊಂಡಿವೆ. ಪೋರ್ಚುಗಲ್, ಡೆನ್ಮಾರ್ಕ್, ನ್ಯೂಜಿಲೆಂಡ್‌ಗಳಲ್ಲಿ ಮಾತ್ರವಲ್ಲದೆ ದಕ್ಷಿಣ ಏಷ್ಯಾದ ಅಧ್ಯಯನಗಳಿಗೂ ಅದರ ರೂಪಾಂತರಗಳಾಗಿವೆ. ಆದರೆ ತಂತ್ರಾಂಶ ಉಚಿತವೆಂದ ಕೂಡಲೇ ಕೆಲಸ ಸುಲಭವೆಂದು ಭಾವಿಸಬಾರದು. ಜನ ನಿಜವಾಗಿ ತಿನ್ನುವ ಆಹಾರಗಳನ್ನು ಪಟ್ಟಿಮಾಡಬೇಕು, ಒಂದೊಂದನ್ನೂ ಜನ ಕರೆಯುವ ಎಲ್ಲ ಹೆಸರುಗಳನ್ನು ಕೂಡಿಸಬೇಕು, ಪ್ರತಿಯೊಂದಕ್ಕೂ ವಿಶ್ವಾಸಾರ್ಹವಾದ ಸಂಯೋಜನೆಯನ್ನು ಜೋಡಿಸಬೇಕು, ಬಡಿಸಿಕೆಯ ಹಂತಗಳನ್ನು ಗೊತ್ತುಮಾಡಿ ತೂಗಿ ಚಿತ್ರ ತೆಗೆಯಬೇಕು, ಜೊತೆಯಾಹಾರದ ಪ್ರಶ್ನೆಗಳನ್ನು ಹೆಣೆಯಬೇಕು. ಇದು ಪೋಷಣಾ ತಜ್ಞರ ತಿಂಗಳುಗಟ್ಟಲೆಯ ಕೆಲಸ. ಅನುದಾನ ಕೋರುವವರು ತಂತ್ರಾಂಶ ಅಭಿವೃದ್ಧಿಗೆಂದು ಹಣ ಕೇಳಿ, ಪಟ್ಟಿಯ ಕೆಲಸವನ್ನು ಬಿಡುವಿನ ವೇಳೆಗೆ ಬಿಡುವುದು ಈ ಕ್ಷೇತ್ರದ ಹಳೆಯ ತಪ್ಪು. ಪಟ್ಟಿ ಸೊರಗಿದರೆ ಎಷ್ಟೇ ಚೆಂದದ ಪರದೆಯೂ ವ್ಯರ್ಥ.

ಹೊರಬರುವ ದತ್ತಾಂಶದ ಸ್ವರೂಪವೂ ತೃಪ್ತಿಕರ. ಆಯ್ಕೆಯಾದ ಆಹಾರದ ಜೊತೆಗೆ ಉತ್ತರಿಸಿದವರು ಮೊದಲು ಏನೆಂದು ಟೈಪ್ ಮಾಡಿದ್ದರೆಂಬುದೂ, ಆರಂಭಿಸಿದ ಮತ್ತು ಸಲ್ಲಿಸಿದ ಸಮಯವೂ, ಪ್ರಮಾಣ ಸಹಜ ಮಿತಿಯಲ್ಲಿದೆಯೇ ಎಂಬ ಗುರುತೂ ಕಡತದಲ್ಲಿ ಸಿಗುತ್ತವೆ. ನಾಲ್ಕೇ ನಿಮಿಷದಲ್ಲಿ ಮುಗಿಸಿದ ಇಡೀ ದಿನದ ದಾಖಲೆಯನ್ನು ಸಂಶಯದಿಂದ ನೋಡಲು, ಟೈಪ್ ಮಾಡಿದ್ದಕ್ಕೂ ಆರಿಸಿದ್ದಕ್ಕೂ ಇರುವ ಅಂತರದಿಂದ ಪಟ್ಟಿಯ ದೌರ್ಬಲ್ಯವನ್ನು ಪತ್ತೆಹಚ್ಚಲು ಇದರಿಂದ ಸಾಧ್ಯವಾಗುತ್ತದೆ. ಬೇಕೆಂದವರು ತಮ್ಮದೇ ಸರ್ವರ್‌ನಲ್ಲಿ ಸಾಧನವನ್ನು ನಡೆಸಬಹುದು ಎಂಬುದನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ಒಬ್ಬರ ಆಹಾರದ ದಾಖಲೆಯಿಂದ ಅವರ ಧರ್ಮ, ಕಾಯಿಲೆ, ಗರ್ಭಾವಸ್ಥೆ, ಬಡತನ ಇವೆಲ್ಲವನ್ನೂ ಊಹಿಸಬಹುದಾದ್ದರಿಂದ ಅದನ್ನು ಎಲ್ಲಿ, ಯಾರ ವಶದಲ್ಲಿ ಇಡುತ್ತೇವೆ ಎಂಬುದು ಭಾಗವಹಿಸುವವರಿಗೆ ನಾವು ಕೊಡುವ ಮಾತಿನ ಭಾಗ. ಗ್ರಾಹಕರಿಗಾಗಿ ಮಾಡಿದ ಕ್ಯಾಲೊರಿ ಎಣಿಸುವ ಆ್ಯಪ್‌ಗಳನ್ನು ಸಂಶೋಧನೆಗೆ ಎರವಲು ಪಡೆಯುವವರು ಈ ಪ್ರಶ್ನೆಯ ಜೊತೆಗೆ, ಅಲ್ಲಿನ ಆಹಾರದ ಹಲವು ನಮೂದುಗಳನ್ನು ಬಳಕೆದಾರರೇ ಸೇರಿಸಿರುತ್ತಾರೆ ಎಂಬುದನ್ನೂ ಯೋಚಿಸಬೇಕು.

ಬ್ರಿಟನ್ನಿನ ರಾಷ್ಟ್ರೀಯ ಆಹಾರ ಮತ್ತು ಪೋಷಣಾ ಸಮೀಕ್ಷೆ 2008ರಿಂದ ಬಳಸುತ್ತಿದ್ದ ನಾಲ್ಕು ದಿನಗಳ ಕಾಗದದ ದಿನಚರಿಯನ್ನು ಕೈಬಿಟ್ಟು 2019ರಲ್ಲಿ ಇಂಟೇಕ್24ಕ್ಕೆ ಬದಲಾಯಿತು. ಸಾಧನಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಿಲ್ಲ. ಹಾಗಿದ್ದೂ ಇಂಥ ಬದಲಾವಣೆಗೆ ಒಂದು ಬೆಲೆಯಿದೆ: ಅಳೆಯುವ ಸಾಧನ ಬದಲಾದ ವರ್ಷದಲ್ಲಿ ಅಂಕಿಗಳು ಏರಿದರೂ ಇಳಿದರೂ ಜನರ ಆಹಾರ ಬದಲಾಯಿತೋ ಅಳತೆ ಬದಲಾಯಿತೋ ಎಂದು ಬಿಡಿಸಿ ಹೇಳುವುದು ಕಠಿಣ. ದೀರ್ಘಕಾಲದ ಅಧ್ಯಯನಗಳಲ್ಲಿ ಹಳೆಯದನ್ನೂ ಹೊಸದನ್ನೂ ಕೆಲಕಾಲ ಜೊತೆಯಾಗಿ ನಡೆಸದೆ ಸಾಧನವನ್ನು ಬದಲಿಸಬಾರದು. ಒಂದೇ ದಿನದ ದಾಖಲೆಯಿಂದ ವ್ಯಕ್ತಿಯ ವಾಡಿಕೆಯ ಆಹಾರ ತಿಳಿಯದು ಎಂಬುದನ್ನು ಕೂಡ ಇಲ್ಲಿ ನೆನಪಿಸಬೇಕು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ನಾಲ್ಕು ದಿನಗಳು, ಒಂದರ ಹಿಂದೆ ಒಂದು ಬಾರದಂತೆ, ವಾರಾಂತ್ಯವೂ ಸೇರುವಂತೆ ಬೇಕಾಗುತ್ತವೆ. ಸಂದರ್ಶಕರಿಲ್ಲದ ಸಾಧನದಿಂದ ಇಷ್ಟು ಬಾರಿ ಕೇಳುವ ಖರ್ಚು ತಗ್ಗುತ್ತದೆ. ಪ್ರತಿ ಬಾರಿಗೂ ಕೆಲವರು ಕೈಬಿಡುತ್ತಾ ಹೋಗುವುದು ಮಾತ್ರ ತಪ್ಪುವುದಿಲ್ಲ.

ಫೋಟೊ ತೆಗೆದರೆ ಸಾಲದೇ, ಉಳಿದದ್ದನ್ನು ಯಂತ್ರವೇ ಗುರುತಿಸಲಿ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ತಟ್ಟೆಯ ಪಕ್ಕದಲ್ಲಿ ಅಳತೆ ತಿಳಿದ ಚೌಕುಳಿ ಗುರುತನ್ನಿಟ್ಟು, ಊಟದ ಮೊದಲು ಮತ್ತು ನಂತರ ಚಿತ್ರ ತೆಗೆಸಿ ಗಾತ್ರವನ್ನು ಲೆಕ್ಕಹಾಕುವ ಕ್ರಮವನ್ನು ಬಹುಕಾಲದಿಂದ ಬೆಳೆಸಿದೆ. ಅದು ನೆನಪಿನ ಹೊರೆಯನ್ನು ಇಳಿಸುತ್ತದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕರಗಿದ ಸಕ್ಕರೆಯನ್ನೂ ಹೀರಿಕೊಂಡ ಎಣ್ಣೆಯನ್ನೂ ಪದರದ ಒಳಗಿರುವುದನ್ನೂ ಕ್ಯಾಮೆರಾ ಕಾಣಲಾರದು, ಚಿತ್ರ ತೆಗೆಯಲು ಮರೆತ ತಿಂಡಿ ದಾಖಲೆಯಲ್ಲೇ ಇರುವುದಿಲ್ಲ. ಇಂಟೇಕ್24 ಈ ಹಾದಿಗೆ ಅವಸರದಿಂದ ಹಾರದೆ ಪ್ರಶ್ನೆ ಕೇಳುವ ಕ್ರಮದಲ್ಲೇ ನಿಂತಿರುವುದು ಸದ್ಯಕ್ಕೆ ಸರಿಯೆಂದೇ ನನ್ನ ಅಭಿಪ್ರಾಯ.

ಅದರ ನಿಜವಾದ ಕೊರತೆ ಬೇರೆ ಕಡೆಯಿದೆ. ಓದಲು, ಟೈಪ್ ಮಾಡಲು, ಪಟ್ಟಿಯಿಂದ ಆರಿಸಲು ಬಲ್ಲವರನ್ನಷ್ಟೇ ಅದು ಎದುರು ನೋಡುತ್ತದೆ. ಓದು ಬಾರದವರು, ದೃಷ್ಟಿ ಮಂದವಾದ ಹಿರಿಯರು, ಪರದೆಯ ಬಳಕೆ ಅಭ್ಯಾಸವಿಲ್ಲದವರು ಸಂದರ್ಶಕರ ನೆರವಿಲ್ಲದೆ ಇದನ್ನು ಮುಗಿಸಲಾರರು. ಪೋಷಣೆಯ ಕೊರತೆ ಹೆಚ್ಚಾಗಿ ಕಾಡುವುದು ಇಂಥವರಲ್ಲಿಯೇ ಆದ್ದರಿಂದ ಇದನ್ನು ಸಣ್ಣ ಅನನುಕೂಲವೆಂದು ಬದಿಗಿಡಲು ನನ್ನಿಂದಾಗದು. ಟಫ್ಟ್ಸ್ ವಿಶ್ವವಿದ್ಯಾಲಯದ ಇಂಡೆಕ್ಸ್24 ಸಂದರ್ಶಕರ ಕೈಗೆ ಮೊಬೈಲ್ ಕೊಟ್ಟು ಈ ತೊಡಕನ್ನು ಬಗೆಹರಿಸುತ್ತದೆ. ಆಸ್ಟ್ರೇಲಿಯಾದ ಸಂಶೋಧಕರು ರೂಪಿಸಿ ಕಾಂಬೋಡಿಯಾದಲ್ಲಿ ಪರೀಕ್ಷಿಸಿದ ವಿಸಿಡಾ ಎಂಬ ವ್ಯವಸ್ಥೆಯಲ್ಲಿ ತಾಯಂದಿರು ಊಟದ ಚಿತ್ರ ತೆಗೆದು ಅದರ ಬಗ್ಗೆ ಮಾತಾಡಿ ಧ್ವನಿಮುದ್ರಿಸಿದರೆ ಸಾಕಾಗುತ್ತದೆ.

ಓದುಬರಹ ಬಲ್ಲ ವಯಸ್ಕರ ಮತ್ತು ಹದಿಹರೆಯದವರ ಸಮೂಹದಲ್ಲಿ, ಒಬ್ಬೊಬ್ಬರಿಂದ ಹಲವು ದಿನಗಳ ಆಹಾರವನ್ನು ಸೀಮಿತ ಖರ್ಚಿನಲ್ಲಿ ದಾಖಲಿಸಬೇಕಾದ, ಆಹಾರಪಟ್ಟಿಯನ್ನು ತಾವೇ ರೂಪಿಸುವ ಶಕ್ತಿಯುಳ್ಳ ತಂಡಗಳಿಗೆ ನಾನು ಇಂಟೇಕ್24 ಅನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಒಬ್ಬ ರೋಗಿಯ ಚಿಕಿತ್ಸೆಗಾಗಿ ನಿಖರವಾದ ಸೇವನೆ ತಿಳಿಯಬೇಕಾದವರಿಗೆ, ಸೂಕ್ಷ್ಮ ಪೋಷಕಾಂಶವೊಂದನ್ನೇ ಗುರಿಯಾಗಿಸಿಕೊಂಡವರಿಗೆ ಇದು ತಕ್ಕುದಲ್ಲ. ಇದನ್ನು ಬಳಸುವವರು ಮುಖ್ಯ ಅಧ್ಯಯನಕ್ಕೆ ಮೊದಲು ಸಣ್ಣ ಗುಂಪೊಂದರಲ್ಲಿ ನಡೆಸಿ, ಪಟ್ಟಿಯಲ್ಲಿ ಸಿಗದೆ ಸ್ವಂತ ಮಾತಿನಲ್ಲಿ ಬರೆದ ಆಹಾರಗಳನ್ನೆಲ್ಲ ಓದಿ ನೋಡಬೇಕು. ಅವುಗಳ ಸಂಖ್ಯೆ ಇಳಿಯುವವರೆಗೆ ಪಟ್ಟಿಯನ್ನು ತಿದ್ದುತ್ತಾ ಹೋಗಬೇಕು. ಕೆಲವರಿಗಾದರೂ ಮೂತ್ರದ ಸಾರಜನಕ (ಇದು ತಿಂದ ಪ್ರೋಟೀನನ್ನು ಸೂಚಿಸುತ್ತದೆ), ಪೊಟ್ಯಾಸಿಯಂ ಪರೀಕ್ಷೆಗಳನ್ನು ಮಾಡಿಸಿ, ದಾಖಲಾದ ಪ್ರೋಟೀನ್ ಮತ್ತು ಪೊಟ್ಯಾಸಿಯಂಗಳೊಡನೆ ಹೋಲಿಸಿ, ಕೊರತೆ ಎಷ್ಟೆಂಬುದನ್ನು ತಮ್ಮ ವರದಿಯಲ್ಲೇ ಪ್ರಕಟಿಸಬೇಕು. ಸಾಧನವನ್ನು ಬೆಳೆಸುತ್ತಿರುವ ತಂಡಗಳಲ್ಲಿ ನನ್ನ ಕೋರಿಕೆ ಎರಡೇ: ಪಾತ್ರೆಯಿಂದ ಹಂಚಿಕೊಂಡು ತಿನ್ನುವ ಊಟದಲ್ಲಿ ಒಬ್ಬರ ಪಾಲನ್ನು ಕೇಳುವ ಪ್ರತ್ಯೇಕ ಕ್ರಮವೊಂದನ್ನು ಅವರು ಪರೀಕ್ಷಿಸಿ ಸೇರಿಸಲಿ, ಮತ್ತು ಬರೆಯುವ ಬದಲು ಹೇಳಿ ದಾಖಲಿಸುವ ಅವಕಾಶವನ್ನು ಮುಂದಿನ ಆವೃತ್ತಿಯ ಮೊದಲ ಕೆಲಸವಾಗಿ ಎತ್ತಿಕೊಳ್ಳಲಿ.